ಕೆನಡಾದಲ್ಲಿ ಮನೆ ಆರೈಕೆ ಕೆಲಸ, ಎರಡೇ ವರ್ಷಕ್ಕೆ ಪಿಆರ್ (ಅಲ್ಲೇ ಕಾಯಂ ಆಗಿ ನೆಲೆಸುವ ಹಕ್ಕು) ಅಂತಾರೆ. ಏಳೂವರೆ ಲಕ್ಷ ಕೊಡಬಹುದಾ?

ಸಿಂಧನೂರು_ಸೋದರಮಾವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ ಹೇಳಿ. ಭಾನುವಾರದೊಳಗೆ ದುಡ್ಡು ಕಟ್ಟಬೇಕಂತೆ.

ನನ್ನ ಅಕ್ಕನ ಮಗಳಿಗೆ ಈಗ 27. ಪಿಯುಸಿ ಆದ ಮೇಲೆ ರಾಯಚೂರಿನಲ್ಲಿ ಎರಡು ವರ್ಷ ಎಎನ್‌ಎಂ ಮಾಡಿದಳು. ಈಗ ಬೆಂಗಳೂರಿನಲ್ಲಿ ಹೋಮ್ ನರ್ಸ್. ಲಕ್ವ ಹೊಡೆದು ಮಲಗಿರುವ ಒಬ್ಬ ಅಜ್ಜನನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಆ ಮನೆಯವರು ತಿಂಗಳಿಗೆ 22 ಸಾವಿರ ಕೊಡುತ್ತಾರೆ, ಏಜೆನ್ಸಿಯವರು ಹಿಡಿದುಕೊಂಡು ಇವಳ ಕೈಗೆ ಬರುವುದು 18. ಗಂಡ ಭತ್ತ ಕೊಯ್ಯುವ ಮೆಷಿನ್ ಓಡಿಸುತ್ತಾನೆ. ಸೀಸನ್ ಇದ್ದರೆ ದುಡ್ಡು, ಇಲ್ಲಾಂದ್ರೆ ಇಲ್ಲ. ನಾಲ್ಕು ವರ್ಷದ ಮಗಳು ಊರಲ್ಲಿ ನಮ್ಮ ಅಕ್ಕನ ಹತ್ತಿರ ಇದ್ದಾಳೆ.

ಬಳ್ಳಾರಿಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಕೆನಡಾದಲ್ಲಿ ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸವಂತೆ. ಗಂಟೆಗೆ 17 ಡಾಲರ್, ವಾರಕ್ಕೆ 40 ಗಂಟೆ. ಎರಡು ವರ್ಷ ಮುಗಿದ ಕೂಡಲೇ ಪಿಆರ್ ಪಕ್ಕಾ, ಗಂಡ ಮತ್ತು ಮಗು ಜೊತೆಗೇ ಹೋಗಬಹುದು ಎನ್ನುತ್ತಾನೆ. ಒಟ್ಟು ಏಳೂವರೆ ಲಕ್ಷ, ಈಗ ಎರಡು ಲಕ್ಷ, ಉಳಿದದ್ದು ವೀಸಾ ಬಂದ ಮೇಲೆ. ರಿಜಿಸ್ಟ್ರೇಷನ್ ಅಂತ 20 ಸಾವಿರ ಆಗಲೇ ಕೊಟ್ಟಾಗಿದೆ. ಆಫರ್ ಲೆಟರ್ ಕೂಡ ಬಂದಿದೆ, ಮಾಂಟ್ರಿಯಲ್ ಅಂತ ಊರ ಹೆಸರಿದೆ, ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವುದು. ಎಲ್‌ಎಂಐಎ (ಹೊರಗಿನವರನ್ನು ಕೆಲಸಕ್ಕೆ ಕರೆಸಲು ಅಲ್ಲಿನ ಸರ್ಕಾರ ಕೊಡುವ ಒಪ್ಪಿಗೆಯಂತೆ) ಅಪ್ರೂವ್ ಆಗಿದೆ ಅಂತಾನೆ, ಆದರೆ ಆ ಕಾಗದವನ್ನು ತೋರಿಸಿಲ್ಲ.

ಭಾವ ಕಾಲುವೆ ಕೆಳಗಿನ ಒಂದು ಎಕರೆಯನ್ನು ಅಡ ಇಡುತ್ತೇನೆ ಅಂತ ಕೂತಿದ್ದಾರೆ. ನನಗೆ ಯಾಕೋ ಒಳಗೊಳಗೇ ಸರಿ ಅನಿಸುತ್ತಿಲ್ಲ. ಹಂಗಂತ ಸುಮ್ನೆ ಅಡ್ಡಗಾಲು ಹಾಕಿ, ನಾಳೆ ಅವಳ ಬಾಳಿಗೆ ಕಲ್ಲು ಹಾಕಿದವನು ಮಾವ ಅನಿಸಿಕೊಳ್ಳಲೂ ಇಷ್ಟ ಇಲ್ಲ. ಗೊತ್ತಿರುವವರು ಹೇಳಿ.

ಒಗ್ಗರಣೆ_ಮಿರ್ಚಿ:

ಕೊಡಬೇಡಿ. ಭಾನುವಾರದೊಳಗೆ ಅಂತ ಗಡುವು ಕೊಡುವವನು ಸೀರೆ ಅಂಗಡಿಯವನಾದರೂ ನಾನು ನಂಬಲ್ಲ. ವಿವರ ಗೊತ್ತಿರುವವರು ಹಿಂದೆ ಬರುತ್ತಾರೆ, ನಾನು ಕಾಯುತ್ತಾ ಕೂತಿರುತ್ತೇನೆ.

ಗಂಗಾವತಿ_ಟು_ಟೊರಾಂಟೊ:

ಅಣ್ಣಾ, ನಾನು ಇದೇ ಕೆಲಸಕ್ಕೆ ಇಲ್ಲಿಗೆ ಬಂದವಳು, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಒಂದು ಮಾತು. ವರ್ಕ್ ಪರ್ಮಿಟ್ ಬೇರೆ, ಪಿಆರ್ ಬೇರೆ. ಅರ್ಜಿ ಬೇರೆ, ಶುಲ್ಕ ಬೇರೆ, ನಿಯಮವೂ ಬೇರೆ. ನಿಮ್ಮ ಏಜೆಂಟ್ ಎರಡನ್ನೂ ಒಂದೇ ಗಂಟು ಕಟ್ಟಿ ಮಾರುತ್ತಿದ್ದಾನೆ.

ಅವನು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಅದೇ ಕಷ್ಟ. ಹಳೇ ಕಥೆ ಹೇಳುತ್ತಿದ್ದಾನೆ. 1992ರಿಂದ 2014ರವರೆಗೆ ಇಲ್ಲಿ ಲಿವ್ ಇನ್ ಕೇರ್‌ಗಿವರ್ ಅಂತ ಒಂದು ಯೋಜನೆ ಇತ್ತು. ಮಾಲೀಕರ ಮನೆಯಲ್ಲೇ ಇದ್ದು, ನಾಲ್ಕು ವರ್ಷದೊಳಗೆ 24 ತಿಂಗಳ ಕೆಲಸ ಪೂರೈಸಿದರೆ ಪಿಆರ್‌ಗೆ ಅರ್ಜಿ ಹಾಕಬಹುದಿತ್ತು. ಫಿಲಿಪೈನ್ಸಿನ ಹೆಣ್ಣುಮಕ್ಕಳು ತುಂಬಾ ಜನ ಹಂಗೇ ಬಂದು ನೆಲೆಸಿದರು. "ಎರಡು ವರ್ಷಕ್ಕೆ ಪಿಆರ್" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. 2014ರ ನವೆಂಬರ್‌ನಲ್ಲಿ ಮಾಲೀಕರ ಮನೆಯಲ್ಲೇ ಇರಬೇಕೆಂಬ ಷರತ್ತು ತೆಗೆದರು, ಜೊತೆಗೆ ಯೋಜನೆಯನ್ನೂ ಬದಲಿಸಿದರು. 2019ರ ಜೂನ್ 18ಕ್ಕೆ ಐದು ವರ್ಷದ ಎರಡು ಪೈಲಟ್, ಅಂದ್ರೆ ಪ್ರಾಯೋಗಿಕ, ಯೋಜನೆ ಬಂದವು, ಒಂದು ಮಕ್ಕಳನ್ನು ನೋಡಿಕೊಳ್ಳುವವರಿಗೆ, ಇನ್ನೊಂದು ವಯಸ್ಸಾದವರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವವರಿಗೆ. ಒಂದೊಂದರಲ್ಲಿ ವರ್ಷಕ್ಕೆ 2,750 ಅರ್ಜಿ. ನಾನು ಬಂದದ್ದು ಇದರಲ್ಲಿ.

ಅದು ನಿಜಕ್ಕೂ ಒಳ್ಳೆಯ ದಾರಿ. ಊರಲ್ಲಿ ಕೂತೇ ಪಿಆರ್ ಅರ್ಜಿಯನ್ನೂ ವರ್ಕ್ ಪರ್ಮಿಟ್ ಅರ್ಜಿಯನ್ನೂ ಒಟ್ಟಿಗೆ ಹಾಕಬಹುದಿತ್ತು. ಆ ಪರ್ಮಿಟ್ ಒಂದು ಮನೆಗೆ ಕಟ್ಟಿಹಾಕಿದ್ದಲ್ಲ, ಕೆಲಸಕ್ಕೆ ಮಾತ್ರ ಕಟ್ಟಿದ್ದು. ಅಂದ್ರೆ ಮನೆ ಸರಿಯಿಲ್ಲ ಅಂದ್ರೆ ಇನ್ನೊಂದು ಮನೆಗೆ ಹೋಗಬಹುದು. ಗಂಡ ಮಕ್ಕಳನ್ನೂ ಕರೆತರಬಹುದಿತ್ತು. ಮೊದಲು 24 ತಿಂಗಳ ಅನುಭವ ಕೇಳುತ್ತಿದ್ದರು, 2023ರ ಏಪ್ರಿಲ್ 30ರಿಂದ ಅದನ್ನು 12 ತಿಂಗಳಿಗೆ ಇಳಿಸಿದರು. ಆದರೆ ಅರ್ಜಿ ಹಾಕಿ ನಾನು ಕಾದದ್ದು 20 ತಿಂಗಳು. ಅಷ್ಟರಲ್ಲಿ ಊರಲ್ಲಿ ಎಲ್ಲರೂ "ಏನಾಯ್ತವ್ವಾ ನಿನ್ನ ಕೆನಡಾ" ಅಂತ ಕೇಳಿ ಕೇಳಿ, ಆಮೇಲಾಮೇಲೆ ನಾನು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಆ ಪೈಲಟ್‌ಗಳು 2024ರ ಜೂನ್ 17ಕ್ಕೆ ಮುಗಿದವು. 2025ರ ಮಾರ್ಚ್ 31ಕ್ಕೆ ಹೊಸದು ತೆರೆದರು. ಷರತ್ತು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಇಂಗ್ಲಿಷ್ ಸಿಎಲ್‌ಬಿ (ಕೆನಡಾದವರು ಭಾಷೆ ಅಳೆಯುವ ಮಟ್ಟ) 4 ಸಾಕು, ಅಂದ್ರೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ಕೇಳುವುದಕ್ಕೆ 4.5, ಓದುವುದಕ್ಕೆ 3.5, ಬರೆಯುವುದು ಮಾತಾಡುವುದಕ್ಕೆ 4. ಇಲ್ಲಿನ ಹೈಸ್ಕೂಲಿಗೆ ಸಮನಾದ ಓದು, ಆರು ತಿಂಗಳ ಅನುಭವ ಇಲ್ಲವೇ ಆರು ತಿಂಗಳ ತರಬೇತಿ, ವಾರಕ್ಕೆ 30 ಗಂಟೆಯ ಕೆಲಸದ ಆಫರ್. ನಿಮ್ಮ ಅಕ್ಕನ ಮಗಳ ಅನುಭವ, ತರಬೇತಿ ಎರಡೂ ಇದಕ್ಕೆ ಮಿಕ್ಕಿಯೇ ಇವೆ. ಆದರೆ ಆವತ್ತು ತೆರೆದದ್ದು ಆಗಲೇ ಕೆನಡಾದೊಳಗೆ ಇದ್ದವರಿಗೆ ಮಾತ್ರ. ಅದೂ ಕೆಲವೇ ಗಂಟೆಗಳಲ್ಲಿ ತುಂಬಿ ಮುಚ್ಚಿತು. ಹೊರಗಿನವರ ವಿಭಾಗ ಕಾಗದದ ಮೇಲಿತ್ತು, ತೆರೆಯಲೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸರ್ಕಾರ ಇನ್ನೊಂದು ಸುದ್ದಿ ಕೊಟ್ಟಿತು, 2026ರ ಮಾರ್ಚ್‌ಗೂ ತೆರೆಯುವುದಿಲ್ಲ ಅಂತ.

ಇನ್ನು ನಿಮ್ಮ ಆಫರ್ ಲೆಟರ್. ಮಾಂಟ್ರಿಯಲ್ ಅಂದ್ರಲ್ಲಾ, ಅದು ಕ್ವಿಬೆಕ್ ಪ್ರಾಂತ್ಯದಲ್ಲಿದೆ. ಈ ಪೈಲಟ್‌ಗಳು ಕ್ವಿಬೆಕ್‌ಗೆ ಅನ್ವಯಿಸುವುದೇ ಇಲ್ಲ. ಅವರು ತಮ್ಮಲ್ಲಿಗೆ ಬರುವವರನ್ನು ತಾವೇ ಆರಿಸುತ್ತಾರೆ, ಮೇಲಾಗಿ ಅಲ್ಲಿ ಫ್ರೆಂಚ್ ಬೇಕು. ಯೋಜನೆ ತೆರೆದಿದ್ದರೂ ಆ ಪತ್ರ ಇಟ್ಟುಕೊಂಡು ಅದರೊಳಗೆ ಹೋಗಲು ಆಗುತ್ತಿರಲಿಲ್ಲ. ನಿಮ್ಮವನಿಗೆ ನಕ್ಷೆ ನೋಡುವ ವ್ಯವಧಾನವೂ ಇಲ್ಲ ಅಂತ ಕಾಣುತ್ತೆ.

ಎಡದಂಡೆ_ಆನ್‌ಲೈನ್:

ನಾನು ಕಾರಟಗಿ ಕಡೆ ಆನ್‌ಲೈನ್ ಸೆಂಟರ್ ಇಟ್ಟಿದ್ದೇನೆ. ಪಾಸ್‌ಪೋರ್ಟ್ ಅರ್ಜಿ, ಪಹಣಿ, ಕಾಲೇಜು ಫಾರಂ ಎಲ್ಲಾ ಮಾಡುತ್ತೇನೆ. ಕೆನಡಾದ ನಿಯಮ ಅಕ್ಕ ಹೇಳಿದರು, ನಾನು ನಮ್ಮ ದೇಶದ್ದು ಹೇಳುತ್ತೇನೆ, ಯಾಕಂದ್ರೆ ಹಿಡಿಯಬೇಕಾದ ಜುಟ್ಟು ಇಲ್ಲೇ ಇರುವುದು.

ವಿದೇಶದ ಕೆಲಸಕ್ಕೆ ಜನ ಕಳಿಸುವವನಿಗೆ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶಾಂಗ ಇಲಾಖೆಯ ಲೈಸೆನ್ಸ್ ಬೇಕು. ಬಾಗಿಲ ಮೇಲೆ ವಿಮಾನದ ಚಿತ್ರ ಬರೆಸಿದ ಮಾತ್ರಕ್ಕೆ ಆಗಲ್ಲ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಇದೆ, ಫೋನಲ್ಲೇ ನೋಡಬಹುದು. ಲೈಸೆನ್ಸ್ ಇದ್ದವನೂ ಕೆಲಸಕ್ಕೆ ಹೋಗುವವರ ಹತ್ತಿರ ಸೇವಾ ಶುಲ್ಕ ಅಂತ 30 ಸಾವಿರದ ಮೇಲೆ ತೆಗೆದುಕೊಳ್ಳುವ ಹಂಗಿಲ್ಲ. ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 35,400. ರಸೀದಿ ಕೊಡಲೇಬೇಕು. ಏಳೂವರೆ ಲಕ್ಷ ಎಲ್ಲಿ, ಇದೆಲ್ಲಿ.

ಅವನು "ನಾನು ರಿಕ್ರೂಟಿಂಗ್ ಏಜೆಂಟ್ ಅಲ್ಲ, ವೀಸಾ ಕನ್ಸಲ್ಟೆಂಟ್" ಅಂತ ಜಾರಿಕೊಳ್ಳಬಹುದು. ಎಲ್ಲರೂ ಹೇಳುವುದು ಅದನ್ನೇ. ಕನ್ಸಲ್ಟೆಂಟ್ ಆದರೆ ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ತಗೊಳ್ಳಬಾರದು. ಮತ್ತೆ ಕೆನಡಾ ಅರ್ಜಿಗೆ ದುಡ್ಡು ತಗೊಂಡು ಸಲಹೆ ಕೊಡುವವರಿಗೆ ಆ ದೇಶದ ಲೈಸೆನ್ಸ್ ಬೇಕು, ಅದರ ಪಟ್ಟಿಯೂ ಬಹಿರಂಗವಾಗಿದೆ.

ಒಂದು ಸಂಗತಿ ನೆನಪಾಯಿತು. ನಮ್ಮ ಗಡಿ ದಾಟಿದರೆ ಕಡಪ, ರಾಯಚೋಟಿ. ಆ ಕಡೆಯಿಂದ ಕುವೈತ್‌ಗೆ ಮನೆಗೆಲಸಕ್ಕೆ ಹೋಗುವ ಹೆಂಗಸರು ಲೆಕ್ಕವಿಲ್ಲದಷ್ಟು. ಅದನ್ನು ನೋಡಿ ನಮ್ಮ ಕಡೆಯ ಒಬ್ಬಾಕೆಯೂ ಹೊರಟಳು. ಹತ್ತನೇ ಪಾಸಾಗಿರಲಿಲ್ಲ, ಹಂಗಾಗಿ ಇಸಿಆರ್ ಪಾಸ್‌ಪೋರ್ಟ್. ಅಂಥವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಮನೆಗೆಲಸಕ್ಕಾದರೆ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು. ಆಕೆಗೆ 26. ಏಜೆಂಟ್ ವಿಸಿಟ್ ವೀಸಾ ಮಾಡಿಸಿ ಕಳಿಸಿದ. ಅಲ್ಲಿ ಎಂಟು ತಿಂಗಳು ಸಂಬಳ ಕೊಡಲಿಲ್ಲ. ದೂರು ಕೊಡೋಣ ಅಂದ್ರೆ ಕಾಗದದ ಪ್ರಕಾರ ಆಕೆ ಕೆಲಸಕ್ಕೇ ಹೋಗಿಲ್ಲ, ನೆಂಟರ ಮನೆಗೆ ಹೋದವಳು. ಕ್ಲಿಯರೆನ್ಸ್ ತಗೊಂಡು ಹೋಗಿದ್ದರೆ ಕಡೇ ಪಕ್ಷ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆ ಇರುತ್ತಿತ್ತು, ಎರಡು ವರ್ಷಕ್ಕೆ 275 ರೂಪಾಯಿ ಅಷ್ಟೇ. ನಿಮ್ಮ ಹುಡುಗಿ ಪಿಯುಸಿ, ಅವಳಿಗೆ ಇಸಿಆರ್ ತೊಂದರೆ ಇಲ್ಲ. ಆದರೆ ವಿಸಿಟ್ ವೀಸಾ ಅನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ.

ಸಿಂಧನೂರು_ಸೋದರಮಾವ:

ಎಲ್ಲರಿಗೂ ಕೈ ಮುಗಿದೆ. ಇವತ್ತು ಏಜೆಂಟ್‌ಗೆ ಫೋನ್ ಮಾಡಿ ಹೊರಗಿನವರಿಗೆ ಯೋಜನೆ ತೆರೆದಿಲ್ಲವಂತೆ ಅಂದೆ. ಅವನು ನಕ್ಕ. "ಅದಕ್ಕೇ ಸರ್, ಮೊದಲು ವಿಸಿಟರ್ ವೀಸಾದಲ್ಲಿ ಒಳಗೆ ಹಾಕ್ತೀವಿ, ಅಲ್ಲಿ ಹೋದ ಮೇಲೆ ವರ್ಕ್ ಪರ್ಮಿಟ್‌ಗೆ ಕನ್ವರ್ಟ್ ಮಾಡ್ತೀವಿ, ಒಳಗಿದ್ದವರಿಗೆ ಪಿಆರ್ ತೆರೀತಾರೆ" ಅಂದ. ಎಡದಂಡೆ ಅಣ್ಣ ಬರೆದು ಮೂರು ಗಂಟೆಯೂ ಆಗಿರಲಿಲ್ಲ. ಭಾವ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಅವರಿಗೆ ಇದು ಜಾಣತನದ ದಾರಿ ಅನಿಸಿಬಿಟ್ಟಿದೆ. ಈಗ ಏನು ಹೇಳಲಿ?

ಗಂಗಾವತಿ_ಟು_ಟೊರಾಂಟೊ:

ಅಯ್ಯೋ. ಭಾವನಿಗೆ ಇದನ್ನು ಓದಿ ಹೇಳಿ. ವಿಸಿಟರ್ ಆಗಿ ಬಂದವರು ಇಲ್ಲಿದ್ದುಕೊಂಡೇ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವ ಸೌಲಭ್ಯ ಕೊರೊನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ಕೊಟ್ಟಿದ್ದರು. ಅದನ್ನು 2024ರ ಆಗಸ್ಟ್ 28ಕ್ಕೆ ನಿಲ್ಲಿಸಿದರು. ಇದೂ ಹಳೇ ಕ್ಯಾಲೆಂಡರ್ರೇ. ಈಗ ಹಂಗೆ ಬಂದವಳು ಕದ್ದು ಕೆಲಸ ಮಾಡಬೇಕಾಗುತ್ತದೆ, ಕೈಗೆ ಕ್ಯಾಶ್. ಮಾಲೀಕರು ಸಂಬಳ ಕೊಡದಿದ್ದರೆ ಯಾರಿಗೂ ಹೇಳಲು ಆಗಲ್ಲ.

ಕ್ಯಾಶ್ ವಿಷಯ ಯಾಕೆ ಒತ್ತಿ ಹೇಳುತ್ತೇನೆ ಅಂದ್ರೆ, ಪಿಆರ್‌ಗೆ ಅನುಭವ ತೋರಿಸುವಾಗ "ನಾನು ಅಜ್ಜಿಯನ್ನು ಚೆನ್ನಾಗಿ ನೋಡಿಕೊಂಡೆ" ಅಂದ್ರೆ ನಡೆಯಲ್ಲ. ಪೇ ಸ್ಲಿಪ್ ಬೇಕು, ವರ್ಷಕ್ಕೊಮ್ಮೆ ಮಾಲೀಕರು ಕೊಡುವ ಟಿ4 ಅನ್ನುವ ಸಂಬಳದ ಲೆಕ್ಕದ ಕಾಗದ ಬೇಕು, ಟ್ಯಾಕ್ಸ್ ಇಲಾಖೆಯ ನೋಟಿಸ್ ಬೇಕು. ನನ್ನ ಮೊದಲ ಮನೆಯವರು ಒಳ್ಳೆಯವರೇ. ಆದರೆ ಎರಡು ತಿಂಗಳು "ಲೆಕ್ಕಪತ್ರ ಆಮೇಲೆ ಮಾಡೋಣ" ಅಂತ ಕೈಗೇ ದುಡ್ಡು ಕೊಟ್ಟರು. ಆ ಎರಡು ತಿಂಗಳು ನನ್ನ ಲೆಕ್ಕಕ್ಕೆ ಬರಲಿಲ್ಲ. ಚಳಿಗಾಲದಲ್ಲಿ ರಾತ್ರಿ ಮೂರು ಸಲ ಎದ್ದು ಅವರನ್ನು ಮಗ್ಗುಲು ಹೊರಳಿಸಿದ ತಿಂಗಳುಗಳು ಅವು, ಬೆನ್ನಿಗೆ ಹುಣ್ಣಾಗಬಾರದು ಅಂತ. ಕಾಗದದಲ್ಲಿ ಅವು ಇಲ್ಲವೇ ಇಲ್ಲ.

ಎಲ್‌ಎಂಐಎ ಬಗ್ಗೆಯೂ ಹೇಳಿಬಿಡುತ್ತೇನೆ. "ಈ ಕೆಲಸಕ್ಕೆ ಇಲ್ಲಿನವರು ಸಿಗುತ್ತಿಲ್ಲ, ಹೊರಗಿನಿಂದ ಕರೆಸಬಹುದು" ಅಂತ ಸರ್ಕಾರ ಮಾಲೀಕರಿಗೆ ಕೊಡುವ ಒಪ್ಪಿಗೆ ಅದು. ಅರ್ಜಿ ಹಾಕುವುದು ಆ ಮನೆಯವರು. ಮಾಮೂಲಿ ಶುಲ್ಕ 1,000 ಡಾಲರ್, ಅದನ್ನು ಕೆಲಸದವರಿಂದ ವಸೂಲಿ ಮಾಡುವ ಹಂಗಿಲ್ಲ. ಹೆಚ್ಚಿನ ವೈದ್ಯಕೀಯ ಆರೈಕೆ ಬೇಕಾದವರಿಗೆ ಜನ ಇಟ್ಟುಕೊಳ್ಳುವ ಮನೆಗೆ ಆ ಶುಲ್ಕವೂ ಮಾಫಿ. ವರ್ಕ್ ಪರ್ಮಿಟ್ ಅರ್ಜಿಗೆ 155 ಡಾಲರ್, ಬೆರಳಚ್ಚು ಫೋಟೊಗೆ 85. ಎರಡೂ ಸೇರಿ ನಮ್ಮ ದುಡ್ಡಲ್ಲಿ ಸುಮಾರು 15 ಸಾವಿರ. ಉಳಿದ ಏಳು ಲಕ್ಷ ಚಿಲ್ಲರೆ ಎಲ್ಲಿಗೆ ಹೋಗುತ್ತೆ ಅಂತ ಭಾವನನ್ನೇ ಕೇಳಿ.

ಬಳ್ಳಾರಿ_ಕೋಟೆ_ಕೆಳಗೆ:

ಕೆನಡಾ ಆಗಲ್ಲ ಅಂದ್ರೆ ಏಜೆಂಟ್ ಮುಂದೆ ಲಂಡನ್ ಅಂತಾನೆ, ಈಗಲೇ ಎಚ್ಚರಿಕೆ ಕೊಟ್ಟಿರುತ್ತೇನೆ. ನಮ್ಮ ಅತ್ತಿಗೆ 2023ರಲ್ಲಿ ಕೇರ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿಗೆ ಹೋದರು. ಆಗ ಬಾಗಿಲು ಪೂರ್ತಿ ತೆಗೆದಿತ್ತು, 2022ರ ಫೆಬ್ರುವರಿಯಿಂದ ಆ ಕೆಲಸವನ್ನು ವೀಸಾ ಪಟ್ಟಿಗೆ ಸೇರಿಸಿದ್ದರು. ಅಣ್ಣನೂ ಜೊತೆಗೆ ಹೋದ. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಮನೆಯವರನ್ನು ಕರೆದೊಯ್ಯುವ ಹಂಗಿಲ್ಲ ಅಂದರು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ಹೋದವರ ಕಥೆಯೂ ಸಲೀಸಾಗಿರಲಿಲ್ಲ. ಅವರನ್ನು ಕರೆಸಿಕೊಂಡ ಕಂಪನಿಯ ಸ್ಪಾನ್ಸರ್ ಲೈಸೆನ್ಸನ್ನೇ ಸರ್ಕಾರ ಕಿತ್ತುಕೊಂಡಿತು. ತಪ್ಪು ಕಂಪನಿಯದು, ಪತ್ರ ಬಂದದ್ದು ಅತ್ತಿಗೆಗೆ. 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಿ, ಇಲ್ಲಾಂದ್ರೆ ಹೊರಡಿ ಅಂತ. 50ನೇ ದಿನಕ್ಕೆ ಸಿಕ್ಕಿತು. ಆ 50 ದಿನ ನಮ್ಮವ್ವ ಕೋಟೆ ಮಲ್ಲೇಶ್ವರನಿಗೆ ಹರಕೆ ಹೊತ್ತು ಸೋಮವಾರ ಸೋಮವಾರ ಉಪವಾಸ.

ಇನ್ನೊಂದು ಮಾತು, ಬೈಬೇಡಿ. ಹುಡುಗಿ ಎಎನ್‌ಎಂ, ನಮ್ಮ ಭಾಗದವಳು, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಸಿಗುತ್ತೆ. ಆರೋಗ್ಯ ಇಲಾಖೆಯಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಹುದ್ದೆ ಕರೆದಾಗ ಅದು ಕೆಲಸಕ್ಕೆ ಬರುತ್ತೆ. ಸರ್ಟಿಫಿಕೇಟ್ ಮಾಡಿಸಿ ಇಟ್ಟಿದ್ದೀರಾ?

ಒಗ್ಗರಣೆ_ಮಿರ್ಚಿ:

ಹುದ್ದೆ ಕರೆಯುವ ಹೊತ್ತಿಗೆ ಅವಳ ಮಗಳು ಎಎನ್‌ಎಂ ಮುಗಿಸಿರುತ್ತಾಳೆ ಬಿಡಿ. ತಮಾಷೆಗೆ ಅಂದೆ, ಸರ್ಟಿಫಿಕೇಟ್ ಮಾತ್ರ ಮಾಡಿಸಿ.

ಹೈಫಾದಿಂದ_ರಾಯಚೂರಿಗೆ:

ನಾನು ತಡವಾಗಿ ನೋಡಿದೆ. ಯಾರೂ ಇಸ್ರೇಲ್ ಹೆಸರು ಎತ್ತಿಲ್ಲ, ಹಂಗಾಗಿ ನಾನು ಬರೆಯುತ್ತೇನೆ. 2017ರಲ್ಲಿ ಹೋಗಿ 2022ರಲ್ಲಿ ವಾಪಸ್ ಬಂದೆ. ಹೈಫಾ ಊರಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಂಡೆ. ಅಲ್ಲಿ ಅಜ್ಜಿಗೆ ಸವ್ತಾ ಅಂತಾರೆ, ನಮ್ಮಂಥವರಿಗೆ ಮೆತಪೆಲೆತ್. ಮಂಗಳೂರು ಕಡೆಯವರು, ಕೇರಳದವರು ತುಂಬಾ ಜನ ಸಿಗುತ್ತಾರೆ. ರಾಯಚೂರಿನವಳು ನಾನೊಬ್ಬಳೇ ಅಂತ ಕಾಣುತ್ತೆ. ಜೋಳದ ರೊಟ್ಟಿ ಬಡಿದಾಗ ಸವ್ತಾ ಬಾಗಿಲಲ್ಲಿ ನಿಂತು, ಯಾರಿಗೆ ಹೊಡೆಯುತ್ತಿದ್ದೀಯಾ ಅಂತ ಕೇಳುತ್ತಿದ್ದಳು.

ಅಲ್ಲಿ ಒಳ್ಳೆಯದು ಏನಂದ್ರೆ ಯಾರೂ ಸುಳ್ಳು ಆಸೆ ಹುಟ್ಟಿಸಲ್ಲ. ಪಿಆರ್ ಇಲ್ಲ. ಗಂಡ ಮಕ್ಕಳನ್ನು ಕರೆಸಿಕೊಳ್ಳುವ ಹಂಗಿಲ್ಲ. ಬಿ1 ಅನ್ನುವ ಕೆಲಸದ ವೀಸಾ, 63 ತಿಂಗಳ ಮಿತಿ. ಅಷ್ಟು ತಿಂಗಳಾದ ಮೇಲೆ, ನಾವು ನೋಡಿಕೊಳ್ಳುತ್ತಿರುವವರು ಬದುಕಿದ್ದು ನಮ್ಮನ್ನೇ ಅವಲಂಬಿಸಿದ್ದರೆ ಅದೇ ಮನೆಯಲ್ಲಿ ಮುಂದುವರಿಯಲು ಅವಕಾಶ ಇದೆ. ಅವರು ಹೋದರೆ ನಾವೂ ಹೊರಡಬೇಕು. ಯೋಚನೆ ಮಾಡಿ, ನಮ್ಮ ವೀಸಾ ಇನ್ನೊಬ್ಬರ ಉಸಿರಿನ ಮೇಲೆ ನಿಂತಿರುತ್ತೆ. ನನ್ನ ಸವ್ತಾ ತೀರಿಕೊಂಡಾಗ ಅಳುತ್ತಾ ಇದ್ದೆ, ಅಳುತ್ತಲೇ ಟಿಕೆಟ್ ದರ ನೋಡುತ್ತಿದ್ದೆ. ಈಗಲೂ ಅದು ನೆನಪಾದರೆ ನಾಚಿಕೆ ಆಗುತ್ತೆ.

ದುಡ್ಡು ಮಾತ್ರ ನಿಜ. ನಾನಿದ್ದಾಗ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 5,300 ಶೆಕೆಲ್, 2025ರ ಏಪ್ರಿಲ್‌ನಿಂದ 6,247 ಮಾಡಿದ್ದರು. ಊಟ ವಸತಿ ಅಲ್ಲೇ ಆದ್ದರಿಂದ ಉಳಿಯುತ್ತೆ. ವಾರಕ್ಕೊಂದು ರಜೆ. ಆದರೆ ರಜೆ ದಿನ ಹೋಗುವುದೆಲ್ಲಿಗೆ? ಶನಿವಾರ ಬಸ್ಸೂ ಕಡಿಮೆ. ನಾನು ಹೋದಾಗ ಖಾಸಗಿ ಏಜೆಂಟಿಗೆ ಕೊಟ್ಟ ಸಾಲ ತೀರಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಎರಡೂ ಸರ್ಕಾರಗಳ ನಡುವೆ ಒಪ್ಪಂದ ಆಗಿದೆ. 2023ರ ಮೇ ತಿಂಗಳಲ್ಲಿ 42,000 ಜನರನ್ನು ಕಳಿಸುವುದು ಅಂತ ಮಾತಾಯಿತು, ಅದರಲ್ಲಿ 34,000 ಕಟ್ಟಡ ಕೆಲಸಕ್ಕೆ, ಉಳಿದದ್ದು ಆರೈಕೆಗೆ. ಹೋಗುವುದೇ ಆದರೆ ಅದರ ಮೂಲಕ ಹೋಗಲಿ. ಅದು ಯುದ್ಧದ ನಾಡು, ಅದನ್ನೂ ಮನೆಯವರೆಲ್ಲ ಕೂತು ಮಾತಾಡಿ. ಸೈರನ್ ಕೂಗಿದಾಗ ನಡೆಯಲಾರದ ಅಜ್ಜಿಯನ್ನು ಆಶ್ರಯದ ಕೋಣೆಗೆ ಕರೆದೊಯ್ಯುವುದು ನಿಮ್ಮ ಹುಡುಗಿಯ ಕೆಲಸ ಆಗಿರುತ್ತೆ.

ಹೊರದೇಶದಲ್ಲೇ ನೆಲೆಸಬೇಕು, ಮಗುವನ್ನೂ ಕರೆಸಿಕೊಳ್ಳಬೇಕು ಅನ್ನುವುದಾದರೆ ಇನ್ನೊಂದು ದಾರಿ ಜಪಾನ್. ಉದ್ದದ ದಾರಿ. ಜಪಾನಿ ಭಾಷೆಯ ಎನ್4 ಮಟ್ಟ, ಆರೈಕೆ ಕೆಲಸದ ಪರೀಕ್ಷೆ ಪಾಸಾದರೆ ಐದು ವರ್ಷದವರೆಗೆ ಕೆಲಸ ಮಾಡಬಹುದು. ಆ ಐದು ವರ್ಷ ಮನೆಯವರನ್ನು ಕರೆಸುವ ಹಂಗಿಲ್ಲ. ಅಷ್ಟರೊಳಗೆ ಅವರ ರಾಷ್ಟ್ರೀಯ ಆರೈಕೆ ಪರೀಕ್ಷೆ ಪಾಸು ಮಾಡಿಕೊಂಡರೆ ವೀಸಾದ ಬಗೆಯೇ ಬದಲಾಗುತ್ತದೆ, ನವೀಕರಿಸುತ್ತಾ ಇರಬಹುದು, ಗಂಡ ಮಗುವನ್ನೂ ಕರೆಸಬಹುದು. ನಮ್ಮ ದೇಶದ ಜೊತೆ 2021ರಲ್ಲಿ ಒಪ್ಪಂದ ಆಗಿದೆ. ಅಲ್ಲಿ ಮನೆಮನೆಗೆ ಹೋಗಿ ಮಾಡುವ ಆರೈಕೆ ಕೆಲಸವನ್ನು ಈ ಐದು ವರ್ಷದ ವೀಸಾದವರಿಗೆ ತೆರೆದದ್ದು 2025ರ ಏಪ್ರಿಲ್‌ನಲ್ಲಿ, ಅದಕ್ಕೆ ಮೊದಲು ಆಸ್ಪತ್ರೆ, ವೃದ್ಧಾಶ್ರಮದಂಥ ಕಡೆ ಮಾತ್ರ. ನನ್ನ ತಂಗಿ ಈಗ ಆ ಭಾಷೆ ಕಲಿಯುತ್ತಿದ್ದಾಳೆ. ಆ ಅಕ್ಷರ ನೋಡಿದರೆ ನನಗೆ ರಂಗೋಲಿ ನೋಡಿದಂತಾಗುತ್ತೆ.

ಸಿಂಧನೂರು_ಸೋದರಮಾವ:

ಏನಾಯಿತು ಅಂತ ಹೇಳುವುದು ನನ್ನ ಧರ್ಮ. ಶನಿವಾರ ಭಾವನನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ. ಕೂಗಾಡಬಾರದು ಅಂತ ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಇ-ಮೈಗ್ರೇಟ್ ಲೈಸೆನ್ಸ್ ನಂಬರ್ ಹೇಳಿ ಅಂದೆ. "ಬೆಂಗಳೂರು ಆಫೀಸಿನಲ್ಲಿದೆ" ಅಂದ. ಆಯ್ತು, ಅಲ್ಲಿಗೇ ಫೋನ್ ಮಾಡಿ ಕೇಳಿ, ನಾವು ಕೂತಿರುತ್ತೇವೆ ಅಂದೆ. ಫೋನ್ ಎತ್ತಲಿಲ್ಲವಂತೆ. ಆಮೇಲೆ ಎಲ್‌ಎಂಐಎ ಕಾಗದ ತೋರಿಸಿ ಅಂದೆ, ಗೌಪ್ಯ ಅಂದ. ಮಾಂಟ್ರಿಯಲ್ ಯಾವ ಪ್ರಾಂತ್ಯದಲ್ಲಿದೆ ಅಂತ ಭಾವನೇ ಕೇಳಿಬಿಟ್ಟರು! ಅವನು ಟೊರಾಂಟೊ ಪಕ್ಕ ಅಂದ. ಭಾವ ನನ್ನ ಮುಖ ನೋಡಿದರು. ಅಷ್ಟು ಸಾಕಾಯಿತು.

20 ಸಾವಿರದಲ್ಲಿ 12 ಕೊಟ್ಟಿದ್ದಾನೆ. ಉಳಿದ 8 ಫೈಲ್ ಖರ್ಚು ಅಂತೆ. ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಗೆ ದೂರು ಬರೆಯುತ್ತೇನೆ ಅಂದಿದ್ದಕ್ಕೆ ಮುಂದಿನ ವಾರ ನೋಡೋಣ ಅಂದಿದ್ದಾನೆ. ಎಡದಂಡೆ ಅಣ್ಣ, ಆ ದೂರು ಬರೆಯಲು ನಿಮ್ಮಲ್ಲಿಗೇ ಬರುತ್ತೇನೆ. ಹುಡುಗಿಯ ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಅವನ ಹತ್ತಿರವೇ ಇದ್ದವು, ಅವನ್ನು ಮೊದಲು ಕೈಗೆ ತಗೊಂಡು ಆಮೇಲೆ ಈ ಮಾತೆಲ್ಲ ಎತ್ತಿದೆ. ಅಷ್ಟು ಬುದ್ಧಿ ಬಂತು.

ಹೊಲ ಅಡ ಇಟ್ಟಿಲ್ಲ. ಹುಡುಗಿ ಈಗ ಊರಿಗೆ ಬಂದಿದ್ದಾಳೆ, ಇದನ್ನೆಲ್ಲ ನನ್ನ ಫೋನಲ್ಲಿ ಓದಿದಳು. ಅವಳೇ ಏನೋ ಕೇಳಬೇಕಂತೆ, ಕೆಳಗೆ ಅವಳೇ ಬರೆಯುತ್ತಾಳೆ.

ಸಿಂಧನೂರು_ಸೋದರಮಾವ:

ನಮಸ್ಕಾರ ಅಕ್ಕಂದಿರಿಗೆ, ಅಣ್ಣಂದಿರಿಗೆ. ಮಾವನ ಫೋನಿನಿಂದ ಬರೆಯುತ್ತಿದ್ದೇನೆ. ಕೆನಡಾ ತೆರೆದರೆ ನೋಡೋಣ ಅಂತ ಇಂಗ್ಲಿಷ್ ಪರೀಕ್ಷೆಗೆ ಓದಿಕೊಳ್ಳುತ್ತೇನೆ, ಅಜ್ಜ ಮಧ್ಯಾಹ್ನ ಮಲಗಿದಾಗ ಎರಡು ಗಂಟೆ ಸಿಗುತ್ತೆ. ಬೆಂಗಳೂರಿನ ಏಜೆನ್ಸಿ ಬಿಟ್ಟು ಅದೇ ಮನೆಯವರ ಹತ್ತಿರ ನೇರವಾಗಿ ಕೆಲಸ ಕೇಳಬೇಕು ಅಂತಲೂ ಇದೆ, ತಿಂಗಳಿಗೆ ನಾಲ್ಕು ಸಾವಿರ ಉಳಿದರೆ ಅದೇ ಆಯಿತು.

ಹೈಫಾ ಅಕ್ಕನಿಗೆ ಒಂದು ಪ್ರಶ್ನೆ. ನೀವು ಹೋದಾಗ ನಿಮಗೆ ಮಕ್ಕಳಿದ್ದವಾ? ಬಂದಾಗ ಗುರುತು ಹಿಡಿದವಾ? ನನ್ನ ಮಗಳು ನಾನು ಬೆಂಗಳೂರಿನಿಂದ ಬಂದರೇ ಮೊದಲ ದಿನ ಅಜ್ಜಿ ಹಿಂದೆ ನಿಂತುಕೊಳ್ಳುತ್ತಾಳೆ.

ಹೈಫಾದಿಂದ_ರಾಯಚೂರಿಗೆ:

ತಂಗಿ, ಮಗ ಇದ್ದ, ಎರಡು ವರ್ಷದವನು. ದಿನಾ ರಾತ್ರಿ ವಿಡಿಯೊ ಕಾಲ್ ಮಾಡುತ್ತಿದ್ದೆ, ಹಂಗಾಗಿ ಮುಖ ಚೆನ್ನಾಗಿ ಗೊತ್ತಿತ್ತು. ಸ್ಟೇಷನ್ನಿಗೆ ಕರೆತಂದಿದ್ದರು. ನಾನು ರೈಲಿನಿಂದ ಇಳಿದು ಎದುರಿಗೆ ನಿಂತರೆ ಅವನು ಕತ್ತೆತ್ತಿ ನೋಡಿ, ಅಪ್ಪನ ಕಡೆ ತಿರುಗಿ, "ಅಮ್ಮ ಇಷ್ಟು ಉದ್ದ ಇದ್ದಾಳಾ?" ಅಂತ ಕೇಳಿದ. ಐದು ವರ್ಷ ಅವನು ನನ್ನನ್ನು ಕುತ್ತಿಗೆವರೆಗೆ ಮಾತ್ರ ನೋಡಿದ್ದ.

ಈಗ ಹತ್ತು ದಾಟಿದೆ, ಜಗಳ ಆಡುತ್ತಾನೆ, ಸರಿಹೋಗಿದ್ದಾನೆ. ನೀನು ಪರೀಕ್ಷೆಗೆ ಓದು. ಆ ಮನೆಯವರ ಹತ್ತಿರ ಮಾತಾಡುವ ಮೊದಲು ಏಜೆನ್ಸಿ ಜೊತೆ ಸಹಿ ಮಾಡಿದ ಕಾಗದ ತೆಗೆದು ನೋಡು, ನೇರ ಕೆಲಸಕ್ಕೆ ಸೇರಬಾರದು ಅಂತ ಎಷ್ಟೋ ಕಡೆ ಬರೆಸಿಕೊಂಡಿರುತ್ತಾರೆ.